ಹಟ್ಟಿಯ ಹುಣಸೆಗೆ ಟ್ರಯಲ್ ಮಷಿನ್

ಜನವರಿ 6, ಸೋಮವಾರ. ಬೆಳಿಗ್ಗೆ

ಮತ್ತೆ ಬಲಗೈ ಬೆರಳೆಲ್ಲ ಮರಗಟ್ಟಿ ಸೀಮೆಸುಣ್ಣದಂತೆ ಬಿಳಿ. ಬಿಸಿನೀರಿನ ಚೊಂಬಿನಲ್ಲಿ ಅದ್ದಿ ಕೂತೆ. ಬಿಸಿಯೋ ತಣ್ಣಗೋ, ಬೆರಳಿಗೆ ಗೊತ್ತೇ ಆಗಲಿಲ್ಲ. ಹೆಂಡತಿ ನಾಜಿಮಾ ತಾನೂ ಕೈ ಇಟ್ಟು ನೋಡಿ ಕಿರುಚಿದಳು. ಸುಡುವ ನೀರಂತೆ. ಆಮೇಲೆ ಅಂಗಿಯ ಗುಂಡಿಯನ್ನೂ ಅವಳೇ ಹಾಕಿದಳು. ಥೂ! ಗುಂಡಿ ಹಾಕಿಕೊಳ್ಳಲಾಗದವನು ಮರ ಕಡಿಯಲು ಹೊರಟಿದ್ದೇನೆ.

ಎಲ್ಲ ಮರ ಕೊಯ್ಯುವ ಆ ಹಳದಿ ಚೈನ್ ಸಾ ಮಷಿನ್ನಿನ ಕೃಪೆ. ಅಗ್ಗ ಅಂತ ತಂದದ್ದು. ಮರಕ್ಕಿಂತ ನನ್ನನ್ನೇ ಹೆಚ್ಚು ಅದುರಿಸಿತು. ಡಾಕ್ಟರ್ ಹೇಳಿದ್ದು ಒಂದೇ ಮಾತು: ಅದುರೋ ಮಷಿನ್ ಇನ್ನೂ ಹಿಡಿದರೆ ಕೈ ಪೂರ್ತಿ ಹೋಗುತ್ತೆ, ಬೇರೆ ಕೆಲಸ ನೋಡಿ. ಯಾವ ಕೆಲಸ? ಹಿರಿಯೂರಿನಲ್ಲಿ ನಮ್ಮ ಮನೆಯವರದು ತಾತನ ಕಾಲದಿಂದ ಮರದ ಕೆಲಸವೇ. ನನಗೆ ಬೇರೇನೂ ಬರುವುದಿಲ್ಲ.

ಇವತ್ತು ದುರ್ಗದಿಂದ ಮಷಿನ್ ಮಾರುವ ಕನಕರಾಜ್ ದೊಡ್ಡ ಮಷಿನ್ ತರುತ್ತಾನೆ. ಟ್ರಯಲ್‌ಗೆ. ಅದುರುವುದು ಕಡಿಮೆಯಂತೆ. ನಿಜವಾಗಿದ್ದರೆ ಇನ್ನೊಂದಷ್ಟು ವರ್ಷ ಮರ ಕಡಿಯಬಹುದು. ಇಲ್ಲದಿದ್ದರೆ ಮುಗಿಯಿತು.

ಅದೇ ದಿನ, ಸಂಜೆ

ಬಂದ. ಮೈತುಂಬ ಸೆಂಟು. ನನ್ನ ಮರದ ಡಿಪೋದ ಹೊಟ್ಟಿನ ಮೇಲೆ ಕಾಲಿಡಲು ಅಸಹ್ಯಪಟ್ಟುಕೊಂಡ.

"ಭಾಯ್, ಇದು ಪ್ರೊಫೆಷನಲ್. ನಿಮ್ ಹತ್ರ ಇರೋದು ಆಟದ ಸಾಮಾನು."

ಬಾಯಿ ಬಿಟ್ಟರೆ ಪ್ರೊಫೆಷನಲ್. ಚೈನ್ ಎಣ್ಣೆ ಎಲ್ಲಿ ಹಾಕೋದಪ್ಪ ಅಂತ ಕೇಳಿದೆ. ಪೆಟ್ರೋಲ್ ಮುಚ್ಚಳ ತೋರಿಸಿದ! ಇಂಥವರು ಮಾರುತ್ತಾರೆ, ನಮ್ಮಂಥವರು ಬೆರಳು ಕಳೆದುಕೊಳ್ಳುತ್ತೇವೆ. ಟ್ರಯಲ್ ಆದ ಮೇಲೆ "ಮಷಿನ್ ಸೂಪರ್" ಅಂತ ವಿಡಿಯೋದಲ್ಲಿ ಹೇಳಬೇಕಂತೆ. ನೋಡೋಣ ಅಂದೆ. ಮನಸ್ಸಿನಲ್ಲಿ ಬೇರೆ ಏನೋ ಅಂದೆ.

ಜನವರಿ 8, ಬುಧವಾರ

ಎರಡು ದಿನ ಡಿಪೋದ ದಿಮ್ಮಿಗಳ ಮೇಲೆ ನೋಡಿದೆ. ಬೈಯಲು ಏನಾದರೂ ಸಿಗುತ್ತದೆಂದು ಹುಡುಕಿದೆ. ಭಾರ. ಊಟದ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಬಿಸಿಯಾದ ಮೇಲೆ ಆರಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಹಗ್ಗ ಎಳೆದೂ ಎಳೆದೂ ನನ್ನ ಕೆಲಸದಾಳು ಜಂಪಣ್ಣನ ರಟ್ಟೆ ಬಿದ್ದುಹೋಯಿತು. ಎಣ್ಣೆ ಮಾತ್ರ ಎಮ್ಮೆ ನೀರು ಕುಡಿದ ಹಾಗೆ ಕುಡಿಯುತ್ತದೆ.

ಆದರೆ ಅದುರುವುದಿಲ್ಲ. ಹಿಡಿಗೆ ಸ್ಪ್ರಿಂಗ್ ಇದೆ. ಸಂಜೆ ಟೀ ಲೋಟ ಕೈಯಿಂದ ಜಾರಲಿಲ್ಲ. ಆ ಸೆಂಟಿನವನು ಹೇಳಿದ ಒಂದಾದರೂ ಮಾತು ನಿಜವಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ದಿಮ್ಮಿ ಕೊಯ್ಯುವುದು ಟ್ರಯಲ್ ಅಲ್ಲ. ನಿಂತ ಮರ ಬೇಕು. ಆದಿವಾಲದಿಂದ ಒಳಗಿನ ಹಟ್ಟಿಯಲ್ಲಿ ಗುಡ್ಡಪ್ಪ ಅನ್ನುವವರ ಹುಣಸೆ ಇದೆ. ಶೆಡ್ ಕಟ್ಟಲು ತೆಗೆಸುತ್ತಿದ್ದಾರೆ. ಹುಣಸೆ ಅಂದರೆ ಕಬ್ಬಿಣ. ಅದರ ಮೇಲೇ ನೋಡುತ್ತೇನೆ.

ಜನವರಿ 9, ಗುರುವಾರ

ಎಡಗೈ ಊದಿದೆ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಗುಡ್ಡಪ್ಪ ಹೊಸದುರ್ಗಕ್ಕೆ ಹೋಗಿದ್ದರು. ಮರದ ಬುಡದಲ್ಲಿ ಕುರಿ ಬಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ನಾಗಕ್ಕ ಅಂತ ಹೆಸರು. ಹುಣಸೆಗೆ ಮಷಿನ್ ಇಡುವ ಮೊದಲು ಆ ಊರಿನ ಹಿರಿಯರನ್ನು ಒಂದು ಮಾತು ಕೇಳುವುದು ನಮ್ಮ ಪದ್ಧತಿ. ಸತ್ತವರು ಕಾಡುತ್ತಾರೆ ಅಂತ ಈ ಕಡೆ ಹುಣಸೆಗೆ ಮೊಳೆ ಹೊಡೆದು ಅವರ ದೆವ್ವ ಕಟ್ಟಿಹಾಕುತ್ತಾರೆ. ಆಮೇಲೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ, ಮೊಳೆ ಕಣ್ಣಿಗೆ ಕಾಣುವುದಿಲ್ಲ. ಚೈನ್ ತಾಗಿದರೆ ಕಥೆ ಮುಗಿಯಿತು.

ಕೇಳಿದೆ. "ಅವ್ವ, ಈ ಮರದಾಗೆ ಯಾವ್ದಾದ್ರೂ ದೆವ್ವ ಐತಾ?"

"ಇಲ್ಲಪ್ಪ. ಈ ಮರದಾಗೆ ಯಾವ ದೆವ್ವಾನೂ ಇಲ್ಲ. ಕಡೀರಿ."

ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ನಂಬಿದೆ.

ಬೆಣ್ಣೆ ಕೊಯ್ದ ಹಾಗೆ ಒಳಗೆ ಹೋಯಿತು ಮಷಿನ್. ಖುಷಿಯಾಯಿತು ಅಂತಲೇ ಬರೆಯುತ್ತೇನೆ. ಅಷ್ಟರಲ್ಲಿ ಚೈನ್ ಸುತ್ತುವ ಬಾರಿನ ಮೂತಿ ಒಳಗೆ ಏನಕ್ಕೋ ತಾಗಿತು. ಕಿಡಿ. ಮಷಿನ್ ಎಗರಿ ನೇರ ಮುಖಕ್ಕೆ ಬಂತು. ಮುಂದಿನ ಗಾರ್ಡ್ ಮಣಿಕಟ್ಟಿಗೆ ಬಡಿಯಿತು, ಬ್ರೇಕ್ ಬಿತ್ತು, ಚೈನ್ ನಿಂತಿತು. ಗಲ್ಲದಿಂದ ಒಂದು ಗೇಣೂ ಇರಲಿಲ್ಲ. ಹಳದಿ ಮಷಿನ್ನಿನ ಬ್ರೇಕ್ ಮುರಿದು ಯಾವ ಕಾಲವಾಯಿತೋ. ಅದಾಗಿದ್ದರೆ ಇವತ್ತು ನಾಜಿಮಾ ನನ್ನ ಮುಖ ಗುರುತು ಹಿಡಿಯುತ್ತಿರಲಿಲ್ಲ.

ಜಂಪಣ್ಣ ತೊಗಟೆ ಕೆತ್ತಿದ. ಸಾಲಾಗಿ ಮೊಳೆಗಳು. ಮುದುಕಿ ಕುರಿ ಹೊಡೆದುಕೊಂಡು ಹೋಗಿಬಿಟ್ಟಿದ್ದಳು, ಹಿಂದಕ್ಕೂ ನೋಡದೆ.

ಜನವರಿ 14, ಮಂಗಳವಾರ

ಇಷ್ಟು ದಿನ ನೋವಿಗೆ ಬರೆಯಲು ಕೂರಲಾಗಲಿಲ್ಲ. ಮೂಳೆ ಮುರಿದಿಲ್ಲ, ಪುಣ್ಯ.

ಸುದ್ದಿ ತಿಳಿದು ಕನಕರಾಜ್ ಫೋನ್ ಮಾಡಿದ್ದ. ಕೈ ಹೇಗಿದೆ ಅಂತ ಕೇಳಲಿಲ್ಲ. "ಭಾಯ್, ಆ ಪಟ್ಟಿ ಕಟ್ಟಿದ ಕೈ ತೋರಿಸಿ ವಿಡಿಯೋ ಮಾಡ್ರಿ, ಬ್ರೇಕ್ ಜೀವ ಉಳಿಸ್ತು ಅಂತ. ಸಖತ್ ಓಡ್ತದೆ!" ಉಗಿದೆ. ಫೋನಿನ ಮೇಲೇ ಎಂಜಲು ಬಿತ್ತು. ಮಷಿನ್ ಮಾತ್ರ ವಾಪಸ್ ಕೊಡುವುದಿಲ್ಲ ಅಂದೆ. ಒಳ್ಳೆ ಮಷಿನ್. ಮಾರುವವನು ಹೇಸಿಗೆ ಅಂತ ಮಷಿನ್ ಏನು ಮಾಡೀತು?

ಮಧ್ಯಾಹ್ನ ಹಟ್ಟಿಗೆ ಹೋಗಿದ್ದೆ, ಮುದುಕಿಗೆ ಬೈಯಲೆಂದೇ. ಮೊದಲು ಗುಡ್ಡಪ್ಪ ಸಿಕ್ಕರು. ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು.

"ಓ, ಆ ಮೊಳೆನಾ? ನಾವೇ ಹೊಡ್ಸಿದ್ದು. ನಮ್ ಸೊಸೆ ಮೀನಾಕ್ಷಿ ಹೆರಿಗೇಲಿ ಸತ್ಲು ನೋಡ್ರಿ, ಕಾಡ್ಬಾರ್ದು ಅಂತ. ಮೊಳೆ ಇರೋ ತಂಕ ಬಿಟ್ಟು ಮ್ಯಾಲೆ ಕಡ್ಕಳ್ರಿ. ಮೋಟು ಹಂಗೇ ಇರ್ಲಿ, ಎಮ್ಮೆ ಕಟ್ಟಾಕ್ತೀವಿ."

ಹೇಳಿ ಇನ್ನೊಂದು ಕಾಯಿ ಬಾಯಿಗೆ ಹಾಕಿಕೊಂಡರು. ಮನೆ ಬೆಳಗಲು ಬಂದ ಹುಡುಗಿಗೆ ಮೊಳೆ, ಅದರ ಮೇಲೆ ಎಮ್ಮೆ!

ನಾಗಕ್ಕ ಮರದ ಬುಡದಲ್ಲೇ ಇದ್ದಳು. ಮೀನಾಕ್ಷಿಯ ತಾಯಿ ಅಂತೆ, ಗುಡ್ಡಪ್ಪನವರೇ ಹೇಳಿದ್ದು. ಆದರೂ ಅವಳ ಮೇಲೆ ಕೂಗಾಡಿದೆ. "ನಾನು ಸಾಯ್ತಿದ್ದೆ ಅವ್ವ! ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳಲ್ಲಪ್ಪ. ನೀನು ದೆವ್ವ ಐತಾ ಅಂತ ಕೇಳ್ದೆ. ನನ್ನ ಮಗಳು ದೆವ್ವ ಅಲ್ಲ."

ಹತ್ತಿರದ ಕುರಿಯನ್ನು ಪಕ್ಕಕ್ಕೆ ತಳ್ಳಿ ನನಗೆ ಕೂರಲು ಜಾಗ ಮಾಡಿದಳು.

"ಮೊಳೆ ಐತೆ ಅಂದಿದ್ರೆ ನೀನೂ ಬಿಟ್ಟು ಹೋಗ್ತಿದ್ದೆ. ಹಿಂದಿನವ್ರೆಲ್ಲ ಹೋದ್ರು. ಮರ ಬಿದ್ರೆ ಅವಳೂ ಬಿಡುಗಡೆ ಆಗ್ತಾಳೆ ಅಂದ್ಕಂಡೆ... ನಿನಗೆ ಪೆಟ್ಟಾಗ್ತೈತೆ ಅಂತ ತಲೇಗೇ ಬರಲಿಲ್ಲ ಕಣಪ್ಪ."

ಬೈಯಲು ಹೋದವನು ಅವಳ ಪಕ್ಕ ಕೂತು ಎದ್ದು ಬಂದೆ.

ಜನವರಿ 16, ಗುರುವಾರ. ಸಂಜೆ

ದುಡ್ಡು ಕೊಟ್ಟು ಹೊಸ ಚೈನ್ ಹಾಕಿಸಿದೆ. ವಿಡಿಯೋ ಇಲ್ಲ, ಉಪಕಾರವೂ ಬೇಡ. ಆದರೆ ಮೊದಲು ಮೊಳೆ ಕೀಳಬೇಕಿತ್ತು. ಜಂಪಣ್ಣ ಹತ್ತಿರವೇ ಬರಲಿಲ್ಲ.

"ದಿಲಾವರಣ್ಣ, ಮರ ಎಷ್ಟಾದ್ರೂ ಕಡೀತೀನಿ. ಇದೊಂದು ಬ್ಯಾಡ. ಮನೇಲಿ ಹೆಂಡ್ರು ಮಕ್ಳು ಅವ್ರೆ."

ಹೋಗು ಅತ್ಲಾಗೆ ಅಂದೆ. ಗುಡ್ಡಪ್ಪ ದೂರದಿಂದಲೇ ಕಿರುಚಾಡಿದರು. ಮೋಟು ಬಿಡುವುದಿಲ್ಲ, ಬಿಟ್ಟರೆ ಎಮ್ಮೆಯ ಬದಲು ನಿಮ್ಮನ್ನೇ ಅದಕ್ಕೆ ಕಟ್ಟುತ್ತೇನೆ ಅಂದೆ. ಒಳಗೆ ಹೋದರು.

ಕೆತ್ತಿದೆ, ಇಕ್ಕಳದಲ್ಲಿ ಹಿಡಿದು ತಿರುವಿದೆ, ಹಾರೆಯಿಂದ ಮೀಟಿದೆ. ಸುಲಭಕ್ಕೆ ಬಿಡಲಿಲ್ಲ ಹುಣಸೆ. ಕಿತ್ತ ಮೊಳೆಗಳನ್ನು ಕೆಳಗೆ ಹಾಕುತ್ತಾ ಹೋದೆ. ನಾಗಕ್ಕ ನಿಂತು ನೋಡುತ್ತಿದ್ದಳು, ಮುಟ್ಟಲಿಲ್ಲ. ಕೊನೆಯದು ಎಲ್ಲಕ್ಕಿಂತ ಉದ್ದ. ಕಿರ್ರೋ ಅಂತ ಕಿರುಚಿಕೊಂಡು ಹೊರಬಂತು. ಬೆರಳಲ್ಲಿ ಹಿಡಿದು ಎತ್ತಿದೆ.

"ತಣ್ಣಗೈತಾ ನೋಡಪ್ಪ," ಅಂದಳು. "ತಣ್ಣಗಿದ್ರೆ ಹೋಗವ್ಳೆ."

ನನ್ನ ಬೆರಳಿಗೆ ಏನು ಗೊತ್ತಾಗಬೇಕು! ಅವಳ ಮುಖ ನೋಡಿದೆ.

"ತಣ್ಣಗೈತೆ ಅವ್ವ."

ಕೈ ಚಾಚಿದಳು. ಅಂಗೈ ಮೇಲೆ ಇಟ್ಟೆ. ಮುಷ್ಟಿ ಬಿಗಿದಳು. ಕಣ್ಣಲ್ಲಿ ದಳದಳ ನೀರು. ಆದರೆ ಮುಷ್ಟಿ ಬಿಡಲಿಲ್ಲ.

"ಹೂಂನಪ್ಪ. ತಣ್ಣಗೈತೆ."

ಆಮೇಲೆ ಮರ ಬೀಳಿಸಿದೆ. ನೆಲಮಟ್ಟಕ್ಕೆ ಕೊಯ್ದು, ಮೋಟಿಲ್ಲದೆ. ಮಷಿನ್ ಒಂದು ಸಲವೂ ಕೈ ಕೊಡಲಿಲ್ಲ.

ಈಗ ನಾಜಿಮಾ ಅಂಗಿ ಬಿಚ್ಚಲು ಬಂದವಳು ನನ್ನ ಬಲಗೈ ದೀಪದ ಹತ್ತಿರ ಹಿಡಿದು, ಏನ್ರಿ ಇದು ಅಂತ ಕೂಗಿದಳು. ಆ ಮೊಳೆ ಹಿಡಿದ ಎರಡು ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದೆ. ಸುಟ್ಟ ಬೊಬ್ಬೆ. ಹಾಗಾದರೆ ಮೊಳೆ ಸುಡುತ್ತಿತ್ತು. ಅದನ್ನು ಬಿಗಿಹಿಡಿದ ನಾಗಕ್ಕನ ಅಂಗೈ...