ಬಿಟ್ಟ ಒಂದು ಮಾತು

ಅಪ್ಪಾ,

ನೀವು ಮಣ್ಣಿಗೆ ಸೇರಿದ ಮೇಲೂ ನಮ್ಮ ವಾದ ಮುಗಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಾನು ನೋಡಿಕೊಳ್ಳುವ ಮಕ್ಕಳ ವಾರ್ಡಿನಲ್ಲಿ ಒಂದು ಕೂಸಿನ ವೆಂಟಿಲೇಟರ್ ತೆಗೆದೆವು. ಅದರ ಮಿದುಳು ಮತ್ತೆ ಸರಿಹೋಗುವಂತಿರಲಿಲ್ಲ. ಯಂತ್ರ ಸಾವನ್ನು ಮುಂದಕ್ಕೆ ಎಳೆಯುತ್ತಿತ್ತಷ್ಟೇ. ತೆಗೆಯೋಣ ಎಂದು ಇಂಥದ್ದರ ಸರಿತಪ್ಪು ತೂಗುವ ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ ವಾದಿಸಿದವಳು ನಾನೇ. ಆದರೆ ತಾಯಿ ಮೊದಲು ಒಪ್ಪಿರಲಿಲ್ಲ. ನನ್ನ ಕೊರಳಿನ ಶಿಲುಬೆ ನೋಡಿ ಕೈ ಹಿಡಿದುಕೊಂಡಳು.

“ಇದು ದೇವರ ಚಿತ್ತ ಅಂತ ನೀವೊಂದು ಮಾತು ಹೇಳಿ ಡಾಕ್ಟ್ರೇ, ಒಪ್ಕೋತೀನಿ.”

ಕಮಿಟಿಯ ಅಧ್ಯಕ್ಷರು ನನ್ನ ಕಿವಿಯಲ್ಲಿ, “ಹೇಳಿಬಿಡಿ, ನಿಮ್ಮ ಗಂಟೇನು ಹೋಗುತ್ತೆ?” ಎಂದರು.

ಹೋಗುತ್ತದೆ, ಅಪ್ಪಾ. ನನ್ನ ತಮ್ಮನ ಶವಪೆಟ್ಟಿಗೆಯ ಮುಂದೆ ನೀವು ಚರ್ಚಿನ ಸಭಾಪಾಲಕರಾಗಿ ನಿಂತು ಇದೇ ಮಾತು ಹೇಳಿದ್ದಿರಿ. ಅಮ್ಮ ಆಮೇಲೆ ಎಂದೂ ನಿಮ್ಮೆದುರು ಅಳಲಿಲ್ಲ.

“ದೇವರ ಚಿತ್ತ ನನಗೆ ಗೊತ್ತಿಲ್ಲಮ್ಮ,” ಎಂದೆ. “ಮಗು ಉಳಿಯೋದಿಲ್ಲ ಅನ್ನೋದು ಗೊತ್ತು. ಯಂತ್ರ ತೆಗೀಬೇಕು ಅಂತಿರೋಳು ನಾನು. ಬೈಯೋದಾದ್ರೆ ನನ್ನನ್ನೇ ಬೈಯಿರಿ.”

ಬೈದಳು. ಬಾಯಿಗೆ ಬಂದಂತೆ ಬೈದಳು. ಸುಸ್ತಾದ ಮೇಲೆ ಕೈ ಚಾಚಿ, “ಮಗೂನ ನನ್ನ ಮಡಿಲಿಗೆ ಕೊಟ್ಟು ತೆಗೀರಿ. ಪ್ರಾರ್ಥನೆನೂ ನೀವೇ ಮಾಡಿ,” ಎಂದಳು.

ಮಾಡಿದೆ. ಬಾಯಿಗೆ ಬಂದದ್ದು ನಿಮ್ಮ ಪ್ರಾರ್ಥನೆಯೇ. ನಡುವೆ ನೀವು ಕೆಮ್ಮಿ ನಿಲ್ಲಿಸುತ್ತಿದ್ದ ಕಡೆ ನಾನೂ ಸ್ವಲ್ಪ ನಿಲ್ಲಿಸಿದೆ. ದೇವರ ಚಿತ್ತ ಎಂಬ ಆ ಒಂದು ಮಾತನ್ನು ಮಾತ್ರ ಬೇಕೆಂದೇ ಬಿಟ್ಟೆ. ಅದಿಲ್ಲದೆಯೂ ಅವಳು ಆಮೆನ್ ಅಂದಳು.

ಅಳುತ್ತಾ ಅಂದಳು ಅಪ್ಪಾ, ನನ್ನೆದುರಿಗೇ.