ಸುತ್ತು ಹಾಕಿದ ಅಂಕಿ

ಮಾರ್ಚ್ ೧೪, ಭಾನುವಾರ
ಕಾರ್ಖಾನೆಯ ಮಹಡಿಯಿಂದ

ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ಮೊಮ್ಮಗಳಿಗೂ ಇದರಲ್ಲಿ ಪಾಲಿದೆ, ಹಂಚಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತದೆ. ಬೈದು ಹತ್ತಿಸುತ್ತೇನೆ.

ನಿನ್ನ ಪತ್ರ ಬಂದು ಆರು ವಾರವಾಯಿತು. ಶಾಲೆಯೊಂದಕ್ಕೆ ನಲವತ್ತು ಕಿಟಕಿ ಮಾಡಿಕೊಡಬೇಕಿತ್ತು, ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಆಯ್ತು ಎಂಬಲ್ಲಿಗೆ ಮುಗಿಸಿಬಿಡುತ್ತೇವೆ. ಮೂರು ವರ್ಷದ ಮೇಲೆ ನೀನು ಕಾಗದ ಹಿಡಿದು ಎರಡು ಪುಟ ಬರೆದಿರುವಾಗ ನಾನೂ ಕಾಗದದಲ್ಲೇ ಉತ್ತರ ಕೊಡುವುದು ಮರ್ಯಾದೆ.

ಮಾವನವರ ಹಳೆಯ ಮನೆಯ ಮುಂಭಾಗವನ್ನು ಉಳಿಸಿಕೊಂಡು ಹಿಂದೆ ಹೊಸದಾಗಿ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸುತ್ತಿದ್ದೀರಿ ಎಂದು ಓದಿ ಸಂತೋಷವಾಯಿತು. ನೀನು ಮರದ ಕಿಟಕಿಯೇ ಬೇಕೆಂದು ಹಟ ಹಿಡಿದದ್ದನ್ನೂ ಓದಿದೆ, ಅಳಿಯಂದಿರು ಅಲ್ಯೂಮಿನಿಯಂ ಎಂದದ್ದನ್ನೂ ಓದಿದೆ. ಅವರಿಗೆ ಹೇಳು, ನಾನು ಅಲ್ಯೂಮಿನಿಯಮ್ಮನ್ನು ದೂರುವವಳಲ್ಲ. ಬಸ್ಸಿಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. "ಅಳತೆಗೆ ಯಾರನ್ನಾದರೂ ಕಳಿಸಮ್ಮ, ನನ್ನ ಕೈಗೆ ಅಳತೆ ಹತ್ತುವುದಿಲ್ಲವೆಂದು ನಿನಗೇ ಗೊತ್ತಲ್ಲ." ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಕಿಟಕಿ.

ಮುಂಭಾಗದ ಹಳೆಯ ಕಿಟಕಿಗಳನ್ನು ಕೀಳಿಸಬೇಡ. ಚಿಕ್ಕವು, ಕದ ಸರಿಯಾಗಿ ಮುಚ್ಚುವುದಿಲ್ಲ ಎಂದು ಬರೆದಿದ್ದೀಯ. ಒಂದೂವರೆ ಅಡಿ ದಪ್ಪದ ಗೋಡೆಗೆ ಅಷ್ಟು ಚಿಕ್ಕ ಕಿಟಕಿಯೇ ಸರಿ. ಆ ಕೋಣೆಗಳು ಬೇಸಿಗೆಯಲ್ಲಿ ತಂಪಾಗಿರುವುದು ಅದರಿಂದಲೇ. ಕದ ಮುಚ್ಚದಿರುವುದಕ್ಕೆ ಮರವನ್ನು ಬೈಯಬೇಡ. ಮೂರು ತಲೆಮಾರಿನವರು ಹಳೆಯ ಬಣ್ಣ ತೆಗೆಯದೆ ಅದರ ಮೇಲೇ ಬಳಿದಿದ್ದಾರೆ. ಬಣ್ಣವನ್ನೆಲ್ಲ ಕೆರೆಸು, ಕದ ತಾನಾಗಿ ಕೂರುತ್ತದೆ. ಚೌಕಟ್ಟಿನ ಬುಡ ಎಲ್ಲಾದರೂ ಮೆತ್ತಗಾಗಿದ್ದರೆ ಆ ಒಂದು ಗೇಣು ಮಾತ್ರ ಕೊಯ್ದು ಅದೇ ಜಾತಿಯ ಮರ ಸೇರಿಸಲಿ. ಕಾಲಿನ ಬೆರಳಿಗೆ ಗಾಯವಾದರೆ ಯಾರೂ ಇಡೀ ಕಾಲು ತೆಗೆಸುವುದಿಲ್ಲ.

ಹಿಂದಿನ ಹೊಸ ಕೋಣೆಗಳ ಮಾತು ಬೇರೆ. ಅಲ್ಲಿ ಗೋಡೆ ತೆಳು, ಗಾಜು ದೊಡ್ಡದು. ಮುಂದಿನದಕ್ಕೆ ಹೊಂದಲೆಂದು ಅಲ್ಲಿಯೂ ಕೆತ್ತನೆ, ಕಮಾನು ಮಾಡಿಸಲು ಹೋಗಬೇಡ, ನಾಟಕದ ಪರದೆಯಂತೆ ಕಾಣುತ್ತದೆ. ನೇರ ಗೆರೆ, ಸಾದಾ ಅಂಚು ಸಾಕು. ಬಿಸಿಲು ಮಳೆ ನೇರವಾಗಿ ಬಡಿಯುವ ಕಡೆಗೆ ತೇಗವೇ ಇರಲಿ, ಅದೂ ಒಳಗಿನ ಗಟ್ಟಿ ತಿರುಳು, ಚೇಗು. ಅಂಚಿನಲ್ಲಿ ಬಿಳುಪು ಕಂಡರೆ ವಾಪಸು ಕಳಿಸು, ಹುಳ ಮೊದಲು ಅಲ್ಲಿಗೇ ಬರುತ್ತದೆ. ಒಳಗಿನ ಕಿಟಕಿಗೆ ಅಗ್ಗದ ಮರ ಸಾಕು, ಚೆನ್ನಾಗಿ ಒಣಗಿದ್ದರಾಯಿತು. ಹಸಿ ಮರವನ್ನು ಒಣಗಿದ್ದೆಂದು ಮಾರುವವರು ಬಹಳ ಮಂದಿ. ಒಂದು ತುಂಡನ್ನು ಇನ್ನೊಂದರಿಂದ ತಟ್ಟಿ ನೋಡು. ಒಣಗಿದ್ದು ಗಣಗಣ ಅನ್ನುತ್ತದೆ, ಹಸಿಯದ್ದು ಮುಖ ಊದಿಸಿಕೊಂಡವರ ಹಾಗೆ ಗುಮ್ಮೆನ್ನುತ್ತದೆ.

ಭಾರದ ಗಾಜಿದ್ದರೆ ಕದಕ್ಕೆ ಎರಡಲ್ಲ, ಮೂರು ತಿರುಗಣಿ. ಕೆಳಗಿನ ಪಟ್ಟಿ ಹೊರಗಡೆಗೆ ಇಳಿಜಾರಾಗಿರಲಿ, ಅದರ ಅಡಿಯಲ್ಲಿ ಬೆರಳು ಆಡುವಷ್ಟು ಒಂದು ತೋಡು ಇರಲಿ. ಅದಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಇಲ್ಲದಿದ್ದರೆ ತಿರುಗಿ ಗೋಡೆಯೊಳಗೆ ಹೋಗುತ್ತದೆ. ಕೊಯ್ದ ತುದಿಗಳಿಗೆ ಜೋಡಿಸುವ ಮೊದಲೇ ಎಣ್ಣೆ ಕುಡಿಸಬೇಕು. ಇವನ್ನೆಲ್ಲ ಕೆಲಸದವರಿಗೆ ಹೇಳಿದರೆ ಹೂಂ ಎನ್ನುತ್ತಾರೆ, ಮಾಡುವುದಿಲ್ಲ. ಪಕ್ಕದಲ್ಲಿ ನಿಂತಿರು.

ಕಿಟಕಿಯ ಎತ್ತರವನ್ನು ನಿಂತು ಗೊತ್ತುಮಾಡಬೇಡ. ಕುರ್ಚಿ ಹಾಕಿಕೊಂಡು ಕುಳಿತು ಗೊತ್ತುಮಾಡು. ನಾಳೆ ಮೊಣಕಾಲು ಮುಷ್ಕರ ಹೂಡಿದಾಗ ಹೊರಗೆ ಏನು ಕಾಣುತ್ತದೆಯೋ ಅದೇ ನಿನ್ನ ಲೋಕ. ಇದನ್ನು ನಾನು ಈಚೆಗೆ ಕಲಿತೆ. ಪಕ್ಕದಲ್ಲಿ ನಾಲ್ಕು ಅಂತಸ್ತು ಎದ್ದಿತೆಂದು ಹೇಳಿದ್ದೆನಲ್ಲ. ಈಗ ನನ್ನ ಮಂಚದಿಂದ ಕಾಣುವುದು ಮೂರಡಿ ಆಚೆಯ ಗೋಡೆ, ಅದರ ಮೇಲೊಂದು ನೀರಿನ ಪೈಪು. ಊರಿಗೆಲ್ಲ ಕಿಟಕಿ ಮಾಡಿಕೊಟ್ಟವಳಿಗೆ ಪೈಪಿನ ದರ್ಶನ. ಯಾರೋ ಮೇಲೆ ಸ್ನಾನ ಮಾಡಿದರೆ ಪೈಪಿನಲ್ಲಿ ಸದ್ದಾಗುತ್ತದೆ. ಓ, ಯಾರೋ ಎದ್ದರು ಎಂದುಕೊಳ್ಳುತ್ತೇನೆ.

ಕಾರ್ಖಾನೆಯಲ್ಲಿ ಈಗ ಕಾಯಂ ಇರುವುದು ಗರಗಸ ಮಾಮ ಒಬ್ಬನೇ. ನೀನಿಟ್ಟ ಹೆಸರೇ ನಿಂತಿದೆ. ಗೊರಕೆಯೂ ಹಾಗೇ ಇದೆ. ಕೆಲಸ ಹೆಚ್ಚಾದಾಗ ಹೊರಗಿನಿಂದ ಇಬ್ಬರನ್ನು ಕರೆಸುತ್ತೇನೆ. ಎದುರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕಿಟಕಿ ಬಂದಿದೆ, ಒಂದೇ ದಿನದಲ್ಲಿ ಕೂರಿಸುತ್ತಾರಂತೆ. ಮಾಮನ ಕಿವಿ ಪೂರ್ತಿ ಮಂದವಾಗಿದೆ. ಬೈದರೆ ನಗುತ್ತಾನೆ, ಹೊಗಳಿದರೂ ಅದೇ ನಗು. ಬೈಯುವುದರಲ್ಲಿದ್ದ ಸುಖವೂ ಹೋಯಿತು. ಸಂಜೆ ಅವನು ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ನಾನು ಬಾಗಿಲು ಹಾಕಿ, ಒಂದು ತಟ್ಟೆ ಹಾಕಿಕೊಂಡು ಉಣ್ಣುತ್ತೇನೆ. ಭಾನುವಾರ ಅಷ್ಟೂ ಇಲ್ಲ. ಈ ಪತ್ರ ಬರೆಯಲು ಕುಳಿತ ಮೇಲೆ ನನ್ನ ದನಿಯನ್ನು ನಾನೇ ಕೇಳಿಲ್ಲ.

ಇನ್ನು ಆ ಸಾಲು.

ಡಾಕ್ಟರ ಮನೆಯ ಎಂಟು ಕಿಟಕಿಗಳ ವಿಷಯವನ್ನು ನಾವಿಬ್ಬರೂ ಇಪ್ಪತ್ತೆರಡು ವರ್ಷದಿಂದ ಬಾಯಿಗೆ ತಂದಿಲ್ಲ. ನಿನಗೆ ಹದಿನಾರು. ನಿನ್ನ ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ಹೆಂಗಸು ಕಾರ್ಖಾನೆ ನಡೆಸುತ್ತಾಳಂತೆ ಎಂದು ಊರು ನೋಡುತ್ತಿತ್ತು. ಅಳತೆಗೆ ನೀನು ಹೋದೆ. ಅಪ್ಪ ನಿನ್ನನ್ನು ಚಿಕ್ಕ ಮೇಸ್ತ್ರಿ ಎಂದೇ ಕರೆಯುತ್ತಿದ್ದರಲ್ಲ. ಅವರ ಕಟ್ಟಳೆಯಂತೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆದು, ಕಾಗದ ಹೊಟ್ಟಿನಲ್ಲಿ ಕಳೆದುಹೋಗುತ್ತದೆಂದು, ಎಂಟು ಕಿಟಕಿಯ ಅಂಕಿಗಳನ್ನೂ ಮೊದಲ ಚೌಕಟ್ಟಿಗೆಂದು ತೆಗೆದಿಟ್ಟ ಪಟ್ಟಿಯ ಬೆನ್ನ ಮೇಲೆ, ಗೋಡೆಗೆ ತಾಗುವ ಕಡೆ ಬರೆದೆ. ಮೊದಲ ಕಿಟಕಿ ಸರಿಯಾಗಿ ಕೂತಿತು, ಗಾರೆಯೂ ಮೆತ್ತಿದ್ದಾಯಿತು. ಮಾರನೆಯ ದಿನ ಉಳಿದ ಏಳರಲ್ಲಿ ಒಂದೂ ಒಳಗೆ ಹೋಗಲಿಲ್ಲ. ಎಲ್ಲವೂ ಅರ್ಧ, ಮುಕ್ಕಾಲು ಇಂಚು ದೊಡ್ಡವು.

ಡಾಕ್ಟರ ಹೆಂಡತಿ ನಕ್ಕರು. ಅವರ ಎದುರು, ಆರು ಜನ ಕೆಲಸದವರ ಎದುರು, ನಿನ್ನ ಕೈಯಿಂದ ಟೇಪು ಕಿತ್ತುಕೊಂಡೆ. "ಈ ಕೈಗೆ ಅಳತೆ ಹತ್ತೋದಿಲ್ಲ. ಇನ್ಮೇಲೆ ಮುಟ್ಟಬೇಡ" ಎಂದೆ. ನೀನು ಅಳಲಿಲ್ಲ. "ನಾನು ಸರಿಯಾಗೇ ಬರ್ದಿದ್ದೆ ಅಮ್ಮ. ಬೇಕಾದ್ರೆ ಆ ಚೌಕಟ್ಟು ತೆಗೆಸಿ ನೋಡು" ಎಂದೆ. "ನಿನ್ನ ಮಾತಿಗೋಸ್ಕರ ಗೋಡೆ ಒಡೀಬೇಕಾ?" ಎಂದು ನಾನು ಕೇಳಿದೆ.

ಆಮೇಲೆ ನೀನು ಕೆಳಗೆ ಕಾರ್ಖಾನೆಗೆ ಇಳಿಯಲಿಲ್ಲ. ಲೆಕ್ಕದಲ್ಲಿ ತರಗತಿಗೇ ಮೊದಲಿದ್ದವಳು ಗ್ರಂಥಾಲಯದ ಕೆಲಸ ಹಿಡಿದೆ. ಐದು ವರ್ಷದ ಹಿಂದೆ ನಿನ್ನ ಮನೆಗೆ ಬಂದಾಗ ಪರದೆಗಳೆಲ್ಲ ಗೇಣುದ್ದ ನೆಲದ ಮೇಲೆ ಬಿದ್ದಿದ್ದವು. ಅಂದಾಜಿನಲ್ಲಿ ಹೊಲಿಸಿದೆ ಎಂದೆ. ನಾನು ಅಲ್ಲಿಯೂ ಸುಮ್ಮನಿರಲಿಲ್ಲ, "ಕಸಪೊರಕೆ ಉಳೀತು ಬಿಡು" ಎಂದೆ. ಅಳಿಯಂದಿರು ನಕ್ಕರು. ನೀನು ಚಹಾ ತರಲು ಒಳಗೆ ಹೋದೆ, ಬಹಳ ಹೊತ್ತು ಬರಲಿಲ್ಲ.

ಅಳತೆಗೆ ಯಾರನ್ನೂ ಕಳಿಸುವುದಿಲ್ಲ. ನೀನೇ ಅಳೆ. ಇದರ ಜೊತೆಯ ಪಾರ್ಸೆಲಿನಲ್ಲಿ ಅಪ್ಪನ ಟೇಪು ಇದೆ. ಮೊದಲ ಎರಡು ಇಂಚಿನ ಅಂಕಿ ಅಳಿಸಿಹೋಗಿವೆ, ಉಳಿದದ್ದು ಸರಿಯಾಗಿದೆ.

ಮೊಮ್ಮಗಳು ಚೆನ್ನಾಗಿ ಓದಲಿ. ಹೊಸ ಮನೆಯಲ್ಲಿ ನಿಮ್ಮ ಮೂವರಿಗೂ ಗಾಳಿ ಬೆಳಕಿಗೆ ಕೊರತೆಯಾಗದಿರಲಿ, ಮಾತಿಗೂ.

ನಿನ್ನ ಅಮ್ಮ

ಮರೆತದ್ದು:

ಮರೆತಿಲ್ಲ. ಕೆಲಸದ ಒತ್ತಡ ಎಂದು ಮೊದಲು ಬರೆದದ್ದು ಸುಳ್ಳು. ಶಾಲೆಯ ಕಿಟಕಿಗಳು ಜನವರಿಯಲ್ಲೇ ಹೋದವು.

ನಿನ್ನ ಪತ್ರ ಬಂದ ವಾರವೇ ಡಾಕ್ಟರ ಮನೆಯನ್ನು ಕೊಂಡವರು ಹಳೆಯ ಕಿಟಕಿಗಳನ್ನು ಕೀಳಿಸಿದರು. ಒಳ್ಳೆಯ ತೇಗ ಎಂದು ಗರಗಸ ಮಾಮ ಮೊದಲ ಚೌಕಟ್ಟನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಬೆನ್ನು ಗೋಡೆಗೆ ಮಾಡಿ ನಿಲ್ಲಿಸಿದ್ದ. ನಾನು ತಿರುಗಿಸಿದೆ. ಗಾರೆ ಉದುರಿದ ಕಡೆ ನಿನ್ನ ಪೆನ್ಸಿಲು ನಿನ್ನೆ ಬರೆದ ಹಾಗಿದೆ. ಎರಡನೆಯ ಕಿಟಕಿ: ನಲವತ್ತೊಂದೂವರೆ, ನಲವತ್ತೊಂದು, ನಲವತ್ತೂಮುಕ್ಕಾಲು. ಕೊನೆಯದರ ಸುತ್ತ ಒಂದು ಸುತ್ತು. ಮೊದಲನೆಯದನ್ನು ಬಿಟ್ಟು ಏಳು ಸಾಲಿನಲ್ಲೂ ಚಿಕ್ಕ ಅಂಕಿಗೆ ಸುತ್ತು ಹಾಕಿದ್ದೀಯ, ಚೌಕಟ್ಟು ಒಳಗೆ ಹೋಗಬೇಕಾದರೆ ಅದೇ ಅಳತೆ. ಪ್ರತಿ ಸಾಲಿನ ಪಕ್ಕದಲ್ಲಿ ಕೊಯ್ಯಬೇಕಾದ ಅಳತೆಯನ್ನು ನನ್ನ ನೀಲಿ ಪೆನ್ಸಿಲು ಬರೆದಿದೆ. ಪ್ರತಿ ಸಾಲಿನಲ್ಲೂ ಮೊದಲನೆಯ ಅಂಕಿ. ಮೊದಲ ಕಿಟಕಿಯಲ್ಲಿ ಮಾತ್ರ ಮೂರೂ ಒಂದೇ ಇದ್ದವು, ಅದಕ್ಕೇ ಅದು ಕೂತಿತು.

ನಿನ್ನ ಅಪ್ಪ ಚಿಕ್ಕದ್ದನ್ನೇ ಮೊದಲು ಬರೆಯುತ್ತಿದ್ದರು. ಹದಿನೆಂಟು ವರ್ಷ ಮೊದಲ ಅಂಕಿಯನ್ನೇ ಇಳಿಸಿಕೊಂಡು ಅಭ್ಯಾಸವಾಗಿತ್ತು. ನೀನು ಬರೆದದ್ದನ್ನು ನಾನು ಅವರು ಬರೆದ ಹಾಗೆ ಓದಿದೆ.

ಮಾಮನನ್ನು ಕೇಳಿದೆ, ಆವತ್ತೇ ಗೊತ್ತಿತ್ತಾ ಎಂದು. ಕಿವಿ ಕೇಳದವನನ್ನು ಇಂಥದ್ದು ಕೇಳುವ ಕಷ್ಟ ಯಾರಿಗೂ ಬೇಡ. ಮೂರು ಸಲ, ಎದುರಿನ ಅಂಗಡಿಯವರು ಇಣುಕಿ ನೋಡುವಷ್ಟು ಕೂಗಿದೆ. "ಕೊಯ್ದೋನು ನಾನೇ ಅಲ್ವಾ ಅಕ್ಕಾವ್ರೇ. ನೀಲಿ ನೋಡಿ ಕೊಯ್ದೆ. ಆಮೇಲೆ ಮಗು ಹಾಗಂದಾಗ ಸುತ್ತು ಹಾಕಿದ್ದು ನೆನಪಾಯ್ತು" ಎಂದ. ಮತ್ಯಾಕೆ ಬಾಯಿ ಬಿಡಲಿಲ್ಲ ಎಂದು ಕೂಗಿದೆ. "ನೀವು ಆವಾಗ ಯಾರ ಮಾತು ಕೇಳ್ತಿದ್ರಿ?" ಎಂದ. ಉಜ್ಜುಗೊರಡು ಕೈಗೆತ್ತಿಕೊಂಡು, "ಹೆರೆದು ಬಿಡ್ಲಾ? ಎರಡು ಸಲ ಎಳೆದ್ರೆ ಹೋಗುತ್ತೆ" ಎಂದ.

ಬೇಡ ಎಂದೆ. ಚೌಕಟ್ಟಿನಿಂದ ಬಿಡಿಸಿದ ಆ ಪಟ್ಟಿ ಈಗ ನನ್ನ ಕಿಟಕಿಯ ಪಕ್ಕದಲ್ಲಿ, ಬರಹ ಈಚೆಗೆ ಕಾಣುವಂತೆ ನಿಂತಿದೆ. ಆರು ವಾರದಿಂದ ಪೈಪು ನೋಡುವುದನ್ನು ಬಿಟ್ಟು ಅದನ್ನು ನೋಡುತ್ತಿದ್ದೇನೆ.

ಹೊಸ ಮನೆಯ ಅಳತೆಯನ್ನು ನಿನ್ನ ಕ್ರಮದಲ್ಲೇ ಬರೆದು ಕಳಿಸು, ಚಿಕ್ಕ ಮೇಸ್ತ್ರಿ. ನಾನು ಸುತ್ತು ಹಾಕಿದ್ದನ್ನೇ ಓದುತ್ತೇನೆ. ಇಂಥ ಕಡೆ ಬರೆಯಬೇಕಾದ ಪದ ಯಾವುದೆಂದು ನನಗೆ ಗೊತ್ತು. ಇದರ ಕೆಳಗೆ ಎರಡು ಸಲ ಬರೆದು, ಎರಡು ಸಲವೂ ಹೊಡೆದುಹಾಕಿದ್ದೇನೆ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿ, ಕಾಣುತ್ತದೆ.