ಅಕ್ಕನಿಗೊಂದು ಮೀನು ತೋರುವ ಡಬ್ಬ

ನವೆಂಬರ್ 3, ಸೋಮವಾರ

ಗಾಳದ ರೀಲುಗಳ ಹಳೇ ದಾರ ಬಿಚ್ಚಿ ಹೊಸದು ಸುತ್ತುತ್ತಿದ್ದೇನೆ. ಆರರಲ್ಲಿ ನಾಲ್ಕು ಮುಗೀತು. ಐಸಿಗೆ ತೂತು ಕೊರೆಯೋ ಬೈರಿಗೆಯ ಅಲಗು ಇನ್ನೂ ಮಸೆದಿಲ್ಲ. ಚಳಿಗಾಲಕ್ಕೆ ಕೆರೆ ಮೇಲೆ ಎಳೆದು ನಿಲ್ಲಿಸೋ ನಮ್ಮ ಐಸ್‌ಮನೆಯ ಒಲೆ ಕೊಳವೆಯಲ್ಲಿ ಇಲಿ ಗೂಡು ಕಟ್ಟಿತ್ತು — ನನ್ನದೇ ಉಣ್ಣೆ ಗವಸು ಹರಿದು! ಗೂಡು ಬೆಚ್ಚಗಿತ್ತು ಅಂತ ಒಪ್ಪಲೇಬೇಕು. ಕೆರೆ ಇನ್ನೂ ಹೆಪ್ಪುಗಟ್ಟಿಲ್ಲ. ಬೆಳಿಗ್ಗೆ ಅಂಚಿನಲ್ಲಿ ಗಾಜಿನಂಥ ಪದರ, ಹತ್ತು ಗಂಟೆಗೆ ಮಾಯ.

ಅಕ್ಕ ಬಂದಳು. ಎರಡು ಮನೆ ಆಚೆಯಿಂದ ಬರೋದಕ್ಕೂ ಟೋಪಿ, ಮಫ್ಲರ್ ಎಲ್ಲ ಬೇಕು ಅವಳಿಗೆ. ಕೂತವಳೇ, "ಥೋರಿ, ಈ ಸಲ ಆ ಮೀನು ತೋರ್ಸೋ ಡಬ್ಬ ಒಂದು ತಗೊಳ್ಳೋಣ" ಅಂದಳು. ಥೋರಾ ಅನ್ನೋದು ಅವಳ ಬಾಯಲ್ಲಿ ಥೋರಿ.

ಕೈಲಿದ್ದ ರೀಲು ಜಾರಿ ದಾರವೆಲ್ಲ ನೆಲದ ಮೇಲೆ. ಮೂವತ್ತು ವರ್ಷ ಇದೇ ಅಕ್ಕ ರಾಗ್ನಾ, "ಮೀನಿಗೂ ಟೀವಿ ಬೇಕಾ ನಿಮಗೆ?" ಅಂತ ಕೆರೆ ಮೇಲಿನ ಗಂಡಸರನ್ನೆಲ್ಲ ಆಡಿಕೊಂಡವಳು. ಗಾಳದ ಕೋಲಿನ ತುದಿ ಕೂದಲೆಳೆಯಷ್ಟು ನಡುಗಿದರೂ ಸಾಕು, ಕೆಳಗಿರೋದು ವಾಲೈ ಮೀನೋ ಬರೀ ಪರ್ಚ್ ಮರಿಯೋ ಅಂತ ಹೇಳೋಳು.

"ಜ್ವರ ಗಿರ ಬಂದಿದೆಯಾ ಅಕ್ಕ?"

"ಎಪ್ಪತ್ಮೂರಾಯ್ತು ಕಣೇ. ಇನ್ನೆಷ್ಟು ವರ್ಷ ಕತ್ತಲಲ್ಲಿ ಕೈ ಆಡಿಸ್ಲಿ? ನೀನು ಓದಿದೋಳು, ಯಾವುದು ಒಳ್ಳೇದು ನೋಡಿ ಹೇಳು."

ಓದಿದೋಳಂತೆ. ಇಪ್ಪತ್ತಾರು ವರ್ಷ ಶಾಲೆ ಅಡುಗೆಮನೇಲಿ ಆಲೂಗಡ್ಡೆ ಬೇಯಿಸಿದೋಳು ನಾನು.

ನವೆಂಬರ್ 5, ಬುಧವಾರ

ಕ್ಯಾಟಲಾಗುಗಳು ಮೇಜಿನ ತುಂಬ. ತಲೆ ಚಿಟ್ಟು ಹಿಡೀತು. ನನಗೆ ಅರ್ಥ ಆದಷ್ಟು ಬರೆದಿಡ್ತೀನಿ, ನಾಳೆ ಮರೆತಿರ್ತೀನಿ —

ಎಲ್ಲದರಲ್ಲೂ ಒಂದು ಗುಂಡು ಇರುತ್ತೆ, ತೂತಿನಿಂದ ನೀರಿಗಿಳಿಸೋದು. ಅದು ಕೆಳಕ್ಕೆ ಶಬ್ದ ಬಿಟ್ಟು ವಾಪಸ್ ಬಂದದ್ದನ್ನು ಹಿಡಿಯುತ್ತೆ. ತೋರಿಸೋ ರೀತಿಯಲ್ಲಿ ವ್ಯತ್ಯಾಸ. ಒಂದು ಜಾತಿ ಗುಂಡಗೆ, ಗಡಿಯಾರದ ಮುಖದ ಹಾಗೆ, ಸುತ್ತ ಬಣ್ಣದ ಗೆರೆ ಬೆಳಗುತ್ತೆ. ಹಳೇ ಕಾಲದ್ದು. ಇನ್ನೊಂದು ಚಪ್ಪಟೆ ಪರದೆ. ಈಗಿನ ಹೊಸದರಲ್ಲಂತೂ ಮೀನು ಈಜೋದೇ ಕಾಣುತ್ತಂತೆ, ಬಾಲ ಆಡಿಸೋದು ಸಮೇತ. ಸೈನ್ಯಕ್ಕೆ ಹೋಗಬೇಕಾದದ್ದು ದಾರಿ ತಪ್ಪಿ ಬಂದ ಹಾಗಿದೆ.

ಬ್ಯಾಟರಿ ಲಿಥಿಯಂ ಆಗಿರಬೇಕು. ಹಳೇ ತರದ್ದು ತೂಕ, ಚಳಿಗೆ ಬೇಗ ಸೋಲುತ್ತೆ. ನನ್ನ ಹಾಗೆ.

ಓಡೆಲ್‌ಗೆ ಫೋನ್ ಮಾಡಿದೆ. ಗಾಳ, ಎರೆ, ಯಂತ್ರ ಎಲ್ಲ ಅವನ ಅಂಗಡಿಯಲ್ಲೇ ನಮಗೆ. "ರಾಗ್ನಕ್ಕನಿಗಾ? ಯಂತ್ರಾನಾ?" ಅಂತ ಎರಡು ಸಲ ಕೇಳಿದ. ಶನಿವಾರ ಬನ್ನಿ ಅಂದ.

ನವೆಂಬರ್ 8, ಶನಿವಾರ

ಹೇಗೆ ಬರೀಲಿ.

ಓಡೆಲ್ ಹೊಸ ಪರದೆಯದ್ದು ತೆಗೆದು ಗಲ್ಲಾ ಮೇಲಿಟ್ಟ. ಮರಿಮೀನಿನ ದೊಡ್ಡ ತೊಟ್ಟಿಯಲ್ಲಿ ಗುಂಡು ಇಳಿಸಿ ತೋರಿಸ್ತೀನಿ ಅಂದ. ವೈರು ಬಿಡಿಸ್ತಾ ನಿಂತಿದ್ದ, ಗುಂಡು ಇನ್ನೂ ಅವನ ಕೈಯಲ್ಲೇ. ಪರದೆ ಮೇಲೆ ಯಾವ ಭಾಷೆ ಬೇಕು ಅಂತ ಕೇಳೋ ಪಟ್ಟಿ ಇತ್ತು, ಅಷ್ಟೇ.

ಅಕ್ಕ ಬಗ್ಗಿ ನೋಡಿ, "ಆಹಾ! ಅಗೋ ನೋಡೇ ಥೋರಿ, ಮೂರು ಮೀನು! ಒಂದು ಎಷ್ಟು ದಪ್ಪ ಇದೆ!" ಅಂದಳು.

ಓಡೆಲ್ ನೆಲ ನೋಡಿದ. ಆಮೇಲೆ ಮೆಲ್ಲಗೆ ಗುಂಡನ್ನು ತೊಟ್ಟಿಗೆ ಬಿಟ್ಟು, "ಹೌದು ರಾಗ್ನಕ್ಕ, ಚೆನ್ನಾಗಿ ಕಾಣುತ್ತೆ ಇದರಲ್ಲಿ" ಅಂದ. ಒಳ್ಳೆಯವನು. ಅವನ ಕಿವಿ ಕೆಂಪಾಗಿತ್ತು.

ಯೋಚನೆ ಮಾಡಿ ಹೇಳ್ತೀವಿ ಅಂತ ಹೇಳಿ ಹೊರಟ್ವಿ. ಕಾರಿನಲ್ಲಿ ಕೇಳಿದೆ, ಎಲ್ಲಿತ್ತು ಆ ಮೀನು ಅಂತ.

"ಕನ್ನಡಕ ಮರೆತು ಬಂದೆ" ಅಂದಳು.

ಕನ್ನಡಕ ಅವಳ ಮೂಗಿನ ಮೇಲೇ ಇತ್ತು.

ನವೆಂಬರ್ 9, ಭಾನುವಾರ. ಮಧ್ಯಾಹ್ನ 3

ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ತಗೊಂಡು ಅವಳ ಮನೆಗೆ ಹೋದೆ. ಕೂತು ಕೇಳಿದೆ. ಬಾಯಿ ಬಿಟ್ಟಳು.

ಬೇಸಿಗೆಯಿಂದಲೇ ಅಂತೆ. ನೋಟದ ನಡುವೆ ಮಸಿ ಮೆತ್ತಿದ ಹಾಗೆ. ಓದೋಕೆ ಹೋದರೆ ಅಕ್ಷರ ಅಲ್ಲೇ ಮುಳುಗುತ್ತೆ. ಗಾಳದ ಕೋಲಿನ ತುದಿ ಕಾಣಲ್ಲ, ಬೆಂಡೂ ಕಾಣಲ್ಲ. ದೊಡ್ಡ ಪರದೆ ಇದ್ದರೆ ಕಾಣಬಹುದು ಅನ್ಕೊಂಡಿದ್ದಳು. ಅದಕ್ಕೇ ಡಬ್ಬ.

"ನಿನ್ನ ಮುಖಾನೂ ಕಾಣಲ್ಲ ಕಣೇ ನೇರ ನೋಡಿದ್ರೆ. ಕಿವಿ ಕಾಣುತ್ತೆ. ಅರವತ್ತಾರು ವರ್ಷ ನೋಡಿದ್ದೀನಿ, ನಿನ್ನ ಕಿವಿ ಇಷ್ಟು ಅಗಲ ಅಂತ ಈಗಲೇ ಗೊತ್ತಾಗಿದ್ದು."

ನಗಬೇಕಿತ್ತು. ನಗಲಿಲ್ಲ. ನನ್ನ ಕಣ್ಣಿಗೆ ಕಟ್ಟಿದ್ದು ಇಷ್ಟೇ — ಅಕ್ಕ, ಐಸು, ತೆರೆದ ತೂತುಗಳು. "ಕಾರಿನ ಕೀ ಕೊಡು. ಈ ವರ್ಷ ಕೆರೆ ಕಡೆ ಬರಬೇಡ, ಮನೇಲಿರು. ನಾನೇ ಮೀನು ತಂದುಕೊಡ್ತೀನಿ" ಅಂದೆ.

ಕೀ ತಂದು ಮೇಜಿನ ಮೇಲಿಟ್ಟಳು. ಆಮೇಲೆ, "ಹಾಟ್‌ಡಿಶ್‌ಗೆ ಉಪ್ಪು ಕಡಿಮೆ. ಹೋಗು ಮನೆಗೆ" ಅಂದಳು.

ನವೆಂಬರ್ 16, ಭಾನುವಾರ

ವಾರವಾಯ್ತು. ಫೋನ್ ಎತ್ತಲ್ಲ. ಚರ್ಚಿನಲ್ಲಿ ನೆರೆಮನೆಯವರ ಜೊತೆ ಬಂದು ಬೇರೆ ಬೆಂಚಿನಲ್ಲಿ ಕೂತಿದ್ದಳು. ಹಾಡಿನ ಪುಸ್ತಕ ತೆರೆದು ಹಿಡಿದುಕೊಂಡಿದ್ದಳು, ತಲೆಕೆಳಗಾಗಿ. ಹಾಡೆಲ್ಲ ಬಾಯಿಪಾಠ ಅವಳಿಗೆ. ಒಂದು ಪದ ತಪ್ಪಲಿಲ್ಲ.

ನನಗೇ ಎಲ್ಲ ತಪ್ಪಿಹೋಯ್ತು.

ನವೆಂಬರ್ 18, ಮಂಗಳವಾರ

ಗಾಳದ ಕೊಕ್ಕೆ ತರೋಕೆ ಓಡೆಲ್ ಅಂಗಡಿಗೆ ಹೋಗಿದ್ದೆ. ಬಾಗಿಲ ಪಕ್ಕದ ಬೋರ್ಡಿನ ಮೇಲೆ ಒಂದು ಚೀಟಿ. ಅಕ್ಕನ ಅಕ್ಷರ. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. 'ಐಸ್‌ಮನೆ ಮಾರಾಟಕ್ಕಿದೆ. ಒಳ್ಳೇ ಒಲೆ. ನೆಲಕ್ಕೆ ನಾಲ್ಕು ತೂತು. ರಾಗ್ನಾ ಓಸೆನ್.'

ಅಪ್ಪ ಕಟ್ಟಿದ ಮನೆ. ನಮ್ಮಿಬ್ಬರಿಗೂ ಸೇರಿದ್ದು. ನನ್ನ ಹೆಸರೇ ಇಲ್ಲ.

"ನಿನ್ನೆ ತಂದುಕೊಟ್ರು. ಅಂಟಿಸಲ್ಲ ಅಂದೆ. ಬೈದ್ರು" ಅಂದ ಓಡೆಲ್. "ಥೋರಾ, ನಾನು ಒಂದು ಮಾತು ಹೇಳ್ಲಾ? ಕಣ್ಣು ಹೋದ್ರೆ ಬದುಕ್ತಾರೆ ಅವರು. ಕೆರೆ ಹೋದ್ರೆ ಬದುಕಲ್ಲ."

ಚೀಟಿ ಕಿತ್ತು ಒಲೆಗೆ ಹಾಕಿದೆ. ಅವನು ಒಲೆ ಬಾಗಿಲು ತೆಗೆದುಕೊಟ್ಟ.

ಅದೇ ದಿನ, ಸಂಜೆ 5

ಲಟ್ಟಣಿಗೆ, ಬೇಯಿಸಿದ ಆಲೂಗಡ್ಡೆ, ಹಿಟ್ಟು ಎಲ್ಲ ಹೊತ್ತು ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದಳು.

"ಥ್ಯಾಂಕ್ಸ್‌ಗಿವಿಂಗ್‌ ಹಬ್ಬಕ್ಕೆ ಲೆಫ್ಸೆ ರೊಟ್ಟಿ ಆಗಬೇಕು. ನನಗೆ ತೆಳ್ಳಗೆ ಬರಲ್ಲ."

"ನಿನಗೆ ಯಾವತ್ತು ಬಂದಿತ್ತು?"

ಲಟ್ಟಿಸೋಕೆ ಅವಳಿಗೆ ಕಣ್ಣೇ ಬೇಡ. ಅಂಗೈಯಲ್ಲೇ ಅಳೀತಾಳೆ. ನಾನು ಹಂಚಿನ ಮೇಲೆ ಮಗುಚ್ತಾ ಇದ್ದೆ. ಹತ್ತು ಹನ್ನೆರಡು ಆದ ಮೇಲೆ ಹೇಳಿದೆ, "ತಪ್ಪು ಮಾತಾಡಿದೆ ಅಕ್ಕ. ಭಯವಾಯ್ತು ನನಗೆ."

"ನನಗೇನು ಆಗಲ್ವಾ?" ಅಂದಳು. ಲಟ್ಟಣಿಗೆ ನಿಲ್ಲಲಿಲ್ಲ. "ಮನೇಲಿರು ಅಂದ್ರೆ ಇರೋ ಜಾತಿ ನಾನಲ್ಲ. ಆದ್ರೆ ನೀನು ಅಂದಿದ್ದಕ್ಕೇ ಚೀಟಿ ಬರೆದೆ. ಬೇರೆ ಯಾರಾದ್ರೂ ಅಂದಿದ್ರೆ ಬೈರಿಗೆ ತಗೊಂಡು ಅಟ್ಟಿಸ್ಕೊಂಡು ಹೋಗ್ತಿದ್ದೆ."

ಶುಕ್ರವಾರ ಬೆಮಿಜಿ ಪೇಟೆಯ ಕಣ್ಣಿನ ಡಾಕ್ಟರ್ ಹತ್ತಿರ ಇಬ್ಬರೂ.

ನವೆಂಬರ್ 21, ಶುಕ್ರವಾರ

ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಸುತ್ತಿ ಬಳಸಲಿಲ್ಲ. ನಡುವಿನ ನೋಟ ಹೋಗಿದ್ದು ವಾಪಸ್ ಬರಲ್ಲ. ಇನ್ನೂ ಸ್ವಲ್ಪ ಹೋಗಬಹುದು. ಅಂಚಿನ ನೋಟ ಉಳಿಯುತ್ತೆ. ಪೂರಾ ಕುರುಡು ಆಗಲ್ಲ.

"ಕಾರು ಬೇಡ. ಓರೆಗಣ್ಣಿನಿಂದ ನೋಡೋದು ಅಭ್ಯಾಸ ಮಾಡ್ಕೊಳ್ಳಿ" ಅಂದಳು.

"ಹುಡುಗಿಯಾಗಿದ್ದಾಗ ಮಾಡಿದ್ದೆ ಆ ಅಭ್ಯಾಸ" ಅಂದಳು ಅಕ್ಕ. ಡಾಕ್ಟರಮ್ಮ ನಕ್ಕುಬಿಟ್ಟಳು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನನ್ನ ತೋಳು ಹಿಡಿದಳು. ಮನೆ ಬರೋವರೆಗೂ ಬಿಡಲಿಲ್ಲ. ಗೇರ್ ಹಾಕೋಕೆ ಕಷ್ಟವಾಯ್ತು. ಬಿಡು ಅನ್ನಲಿಲ್ಲ.

ನವೆಂಬರ್ 25, ಮಂಗಳವಾರ

ಕೆರೆ ಕಟ್ಟಿತು! ಬೆಳಿಗ್ಗೆ ಎದ್ದು ನೋಡಿದರೆ ಅಲೆಯಿಲ್ಲ, ಸದ್ದಿಲ್ಲ, ಆಚೆ ದಡದವರೆಗೂ ಕಪ್ಪು ಕನ್ನಡಿ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಗೊತ್ತು. ಕಿವಿಗೇನೂ ಆಗಿಲ್ಲ ನನಗೆ. ಬೆಳಗಿನ ಜಾವವೇ ಐಸು ಕಟ್ಟುತ್ತಾ ಕೂಗೋದು ಕೇಳಿಸ್ತು" ಅಂದಳು.

ಯಂತ್ರ ಇನ್ನೂ ತೀರ್ಮಾನ ಆಗಿಲ್ಲ. ಚಪ್ಪಟೆ ಪರದೆಯಲ್ಲಿ ಎಲ್ಲ ನಡುವೆಯೇ ಇರುತ್ತೆ. ಅಕ್ಕನಿಗೆ ಅಲ್ಲೇ ಮಸಿ. ಎಷ್ಟು ದೊಡ್ಡದು ತಂದರೂ ಅಷ್ಟೇ. ಮಾತಾಡೋ ಯಂತ್ರ ಇದೆಯಾ ಅಂತ ಓಡೆಲ್‌ನ ಕೇಳಿದೆ. "ಮಾತಾಡೋದಕ್ಕೆ ನಾನೊಬ್ಬಳು ಸಾಕು" ಅಂತ ಹಿಂದಿನಿಂದ ಅವನ ಹೆಂಡತಿಯೇ ಕೂಗಿದಳು.

ಡಿಸೆಂಬರ್ 4, ಗುರುವಾರ

ಹಾರೆ ಹಿಡಿದು ದಡದಿಂದ ಕುಟ್ಟುತ್ತಾ ಹೋದೆ. ಹೆಜ್ಜೆಗೊಮ್ಮೆ. ಎಲ್ಲ ಕಡೆ ಐದು ಇಂಚು. ನಡೆಯೋಕೆ ಸಾಕು. ಐಸ್‌ಮನೆ ಎಳೆಯೋಕೆ ಇನ್ನೂ ಕಾಯಬೇಕು.

ಓಡೆಲ್ ಮನೆಗೇ ಬಂದಿದ್ದ. ತನ್ನ ಹಳೇ ಫ್ಲ್ಯಾಷರ್ ತಂದಿದ್ದ, ಆ ಗಡಿಯಾರದ ಹಾಗೆ ಗುಂಡಗಿರೋದು. ಬ್ಯಾಟರಿ ಮಾತ್ರ ಹೊಸದು ಹಾಕಿದ್ದಾನೆ. "ನನಗೆ ಈಗ ಪರದೆ ಅಭ್ಯಾಸ ಆಗಿದೆ. ಇದು ಸುಮ್ಮನೆ ಕೂತಿದೆ. ಬಣ್ಣ ಜೋರಾಗಿ ಬೆಳಗುತ್ತೆ. ನೋಡಿ, ಆಗದಿದ್ರೆ ವಾಪಸ್ ಕೊಡಿ."

ನನಗೇನೂ ಆಸೆಯಿಲ್ಲ. ಅಕ್ಕನ ಮುಖದಲ್ಲಿ ಆಸೆ ಕಂಡರೆ ಇನ್ನೂ ಕಷ್ಟ.

ಡಿಸೆಂಬರ್ 5, ಶುಕ್ರವಾರ

ಕೈ ಇನ್ನೂ ಮರಗಟ್ಟಿದೆ, ಆದರೂ ಬರೀಲೇಬೇಕು.

ಇಬ್ಬರೂ ಹೋದ್ವಿ. ನಾನು ಮುಂದೆ ಜಾರುಬಂಡಿ ಎಳೀತಾ, ಅವಳು ಹಿಂದೆ ಹಗ್ಗ ಹಿಡಿದು. ತೂತು ಕೊರೆದು ಪಕ್ಕಕ್ಕೆ ಕಿತ್ತಳೆ ಬಣ್ಣದ ಬಾವುಟ ನೆಟ್ಟೆ, ಓರೆಗಣ್ಣಿಗೆ ಕಾಣಲಿ ಅಂತ. "ನಾನೇನು ವಿಮಾನವಾ?" ಅಂದಳು. ಬಕೆಟ್ ಬೋರಲು ಹಾಕಿ ಕೂರಿಸಿದೆ. ಯಂತ್ರ ಮುಂದಿಟ್ಟು, ಗುಂಡು ಇಳಿಸಿ, ಜೊತೆಗೆ ನನ್ನ ಗಾಳವನ್ನೂ ಬಿಟ್ಟು, ಆನ್ ಮಾಡಿದೆ. ಹದಿನೆಂಟು ಅಡಿ ನೀರು. ತಳ ಕೆಂಪಗೆ ದಪ್ಪಗೆ ಬಂತು.

"ಏನಾದ್ರೂ ಕಾಣುತ್ತಾ?"

ಗೆರೆಗಳನ್ನು ಹುಡುಕಿ ಹುಡುಕಿ ಮುಖ ಆ ಕಡೆ ಈ ಕಡೆ ಮಾಡಿದಳು. "ಇಲ್ಲ. ನೋಡಿದ ಕಡೆಯೆಲ್ಲ ಹೋಗುತ್ತೆ."

ನಾನು ಥರ್ಮಾಸ್ ಬಿಚ್ಚಿದೆ, ಬೇರೇನು ಮಾಡೋದು ಗೊತ್ತಾಗಲಿಲ್ಲ. ಆಸೆ ಬಿಟ್ಟವಳ ಹಾಗೆ ಅವಳು ಯಂತ್ರದ ನಟ್ಟನಡುವೆ, ಏನೂ ಇಲ್ಲದ ಕಪ್ಪು ಜಾಗಕ್ಕೆ ಕಣ್ಣು ನೆಟ್ಟಿದ್ದಳು.

"ತಡಿ" ಅಂದಳು.

"ಏನು?"

"ತಡಿ ಅಂದೆನಲ್ಲ." ಕೈ ಅಡ್ಡ ಹಿಡಿದಳು. "ನಡುವೆ ನೋಡಿದ್ರೆ ಸುತ್ತ ಕಾಣುತ್ತೆ ಕಣೇ. ಬಳೆ ಹಾಗೆ. ಕೆಂಪು ಇದೆ. ಅದು ತಳ. ಅದರ ಮೇಲೆ ತೆಳ್ಳಗೆ ಹಸಿರು... ನಿನ್ನ ಗಾಳ ತಾನೇ?"

ನನಗೆ ಗಾಬರಿ. ಆ ದಿನ ಅಂಗಡೀಲಿ ಆದ ಹಾಗೆ ನನ್ನ ಸಮಾಧಾನಕ್ಕೆ ಹೇಳ್ತಿದ್ದಾಳಾ? ಅವಳಿಗೆ ಹೇಳದೆ ದಾರವನ್ನು ಮೆಲ್ಲಗೆ ಮೇಲೆಳೆದು ಮತ್ತೆ ಬಿಟ್ಟೆ. ನನ್ನ ಕಡೆ ಅವಳು ತಿರುಗಲೇ ಇಲ್ಲ.

"ಮೇಲೆತ್ತಿದೆ ನೀನು. ಎರಡಡಿ. ಈಗ ಮತ್ತೆ ಬಿಟ್ಟೆ. ನನ್ನ ಪರೀಕ್ಷೆ ಮಾಡ್ತೀಯಾ, ಕಳ್ಳಿ?"

ಕಾಫಿ ಎಲ್ಲ ಐಸಿನ ಮೇಲೆ ಚೆಲ್ಲಿಕೊಂಡೆ. ಅಕ್ಕನ ಕುತ್ತಿಗೆ ತಬ್ಬಿ ಅತ್ತೆ. ಅವಳು ಯಂತ್ರದಿಂದ ಕಣ್ಣು ಕೀಳದೆಯೇ ನನ್ನ ಬೆನ್ನು ತಟ್ಟಿದಳು. "ಆಯ್ತು, ಆಯ್ತು. ಮೀನು ಓಡಿಹೋಗುತ್ತೆ. ಅಳೋದಾದ್ರೆ ಆ ಕಡೆ ಹೋಗಿ ಅಳು."

ಮೀನು ಒಂದೂ ಬೀಳಲಿಲ್ಲ. ಇಷ್ಟು ಒಳ್ಳೇ ದಿನ ನೆನಪಿಗೇ ಬರ್ತಿಲ್ಲ.

ಡಿಸೆಂಬರ್ 6, ಶನಿವಾರ

ಓಡೆಲ್‌ಗೆ ಹೇಳಿದೆವು. ಗಲ್ಲಾ ಹಿಂದೆ ನಿಂತು ಸುಮಾರು ಹೊತ್ತು ಕೊಕ್ಕೆಗಳನ್ನು ಜೋಡಿಸಿದ, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದ. "ಹಾಗಾದ್ರೆ ಅದು ನಿಮ್ಮದೇ ರಾಗ್ನಕ್ಕ" ಅಂದ.

"ಪುಕ್ಕಟೆ ಬೇಡಯ್ಯ. ವಾರಕ್ಕೆರಡು ಮೀನು ತಂದುಕೊಡ್ತೀನಿ."

"ಮೀನು ನಾನೇ ಹಿಡೀತೀನಿ."

"ಹಿಡೀತೀಯ, ಹಿಡೀತೀಯ. ಅದಕ್ಕೇ ಹೇಳಿದ್ದು."

ಡಿಸೆಂಬರ್ 20, ಶನಿವಾರ

ಹನ್ನೊಂದು ಇಂಚು. ಐಸ್‌ಮನೆ ಎಳೆದು ನಿಲ್ಲಿಸಿದ್ವಿ. ಓಡೆಲ್ ಗಾಡಿ ಕಟ್ಟಿ ಎಳೆದ. ಅಕ್ಕ ಪಕ್ಕದಲ್ಲಿ ನಡೀತಾ ಗೋಡೆ ಮೇಲೆ ಅಂಗೈ ಇಟ್ಟುಕೊಂಡೇ ಬಂದಳು, ಹಸುವನ್ನು ಹೊಡ್ಕೊಂಡು ಬರೋ ಹಾಗೆ. ಒಳಗೆ ಎಲ್ಲದಕ್ಕೂ ಜಾಗ ಗೊತ್ತುಮಾಡಿದ್ವಿ. ಎಡಕ್ಕೆ ಅವಳ ತೂತು, ಬಲಕ್ಕೆ ನನ್ನದು, ಯಂತ್ರ ನಡುವೆ. ಉಳಿದೆರಡು ತೂತು ಮುಚ್ಚಿ ಹಲಗೆ ಹೊಡೆದೆ. ಹಲಗೆ ಯಾಕೆ ಅಂತ ಅವಳು ಕೇಳಲಿಲ್ಲ.

ಡಿಸೆಂಬರ್ 21, ಭಾನುವಾರ. ಮಧ್ಯಾಹ್ನ 2, ಐಸ್‌ಮನೆಯಲ್ಲಿ

ಇಲ್ಲೇ ಕೂತು ಬರೀತಿದ್ದೇನೆ. ಒಲೆ ಚೆನ್ನಾಗಿ ಹತ್ತಿದೆ. ಅಕ್ಕ ಬೆಳಿಗ್ಗೆಯಿಂದ ಮೂರು ವಾಲೈ ಹಿಡಿದಳು. ನಾನು ಸೊನ್ನೆ. ಮೀನು ತೂತಿನಿಂದ ಮೇಲೆ ಬಂದಾಗ ಕೊಕ್ಕೆ ಬಿಡಿಸೋದು ಮಾತ್ರ ನನಗೆ ಕೊಡ್ತಾಳೆ, ಅದೂ ದೊಡ್ಡ ಮನಸ್ಸು ಮಾಡಿದ ಹಾಗೆ.

ಮುಂದಿನ ವರ್ಷ ಅವಳ ನೋಟ ಎಷ್ಟು ಉಳಿದಿರುತ್ತೋ ಗೊತ್ತಿಲ್ಲ. ಕೇಳಬಾರದು ಅನ್ಕೊಂಡಿದ್ದೆ, ಊಟ ಮಾಡ್ತಾ ಕೇಳೇಬಿಟ್ಟೆ. "ಇವತ್ತು ಬಳೆ ಪೂರ್ತಿ ಇದೆ" ಅಂದಳು. ಅಷ್ಟೇ ಹೇಳಿದ್ದು. ಬ್ರೆಡ್ಡಿನ ಅಂಚು ನನ್ನ ತಟ್ಟೆಗೆ ಹಾಕಿದಳು, ನನಗೆ ಇಷ್ಟ ಅಂತ.

ಈಗ ಮಾತು ನಿಲ್ಲಿಸಿದ್ದಾಳೆ. ಯಂತ್ರದ ಮೇಲೆ ಬಗ್ಗಿದ್ದಾಳೆ, ಕೆನ್ನೆ ಮೇಲೆ ಕೆಂಪು ಹಸಿರು ಬೆಳಕು.

"ಥೋರಿ. ಪೆನ್ನು ಕೆಳಗಿಡು."

ಇಡ್ತೀನಿ, ಈ ಸಾಲು ಮುಗಿಸಿ —

"ನಂದಲ್ಲ ಕಣೇ, ನಿಂದು. ನಿನ್ನ ಗಾಳದ ಕೆಳಗೆ. ಭಾರಿ ದಪ್ಪ. ಏಳ್ತಾ ಇದೆ. ಅಲ್ಲಾಡಿಸಬೇಡ, ನಾನು ಹೇಳೋವರೆಗೂ ಅಲ್ಲಾಡಿಸಬೇಡ... ಮೂರಡಿ... ಎರಡು... ಕೋಲು ಹಿಡ್ಕೊಳ್ಳೇ, ಬರೀತಾ ಕೂತಿದ್ದಾಳೆ, ಹಿಡ್ಕೋ, ಈಗ —"

ಹಿಡ್